ಭೀಮೇಶನ ಮಾಳಿಗೆ ಮೇಲಿನ ಪೆಟ್ಟಿಗೆ

ಸಂಡಿಗೆ ಬೆಳ್ಳಗಿತ್ತು. ಆಗಿದ್ದು ಇಷ್ಟೇ.

ಭೀಮೇಶನ ಹೆಂಡತಿ ಗಂಗೋತ್ರಿ ಹಿಂದಿನ ದಿನ ಮಾಳಿಗೆಯ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದಳು. ಮಾರನೆಯ ದಿನ ಮಾಘದ ಅಮಾವಾಸ್ಯೆ. ಬೆಳಿಗ್ಗೆ ಏಳು ಗಂಟೆಗೆ ಪಡುವಲ ಓಣಿಯ ಅಂಜಿನಮ್ಮ ಪೂಜೆಗೆ ಎರಡು ನಿಂಬೆಹಣ್ಣು ಕೇಳಿಕೊಂಡು ಬಂದಳು. ನಿಂಬೆಹಣ್ಣು ಸಿಕ್ಕಿತು, ಜೊತೆಗೆ ಚಹಾ ಕೂಡ ಸಿಕ್ಕಿತು. ಅಷ್ಟಕ್ಕೇ ಹೊರಟಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಯಾರ ಮನೆಗೆ ಹೋದರೂ ಹಿತ್ತಲು, ಮಾಳಿಗೆ ಒಂದು ಸುತ್ತು ನೋಡದೆ ಬರುವ ಹೆಂಗಸಲ್ಲ ಅಂಜಿನಮ್ಮ. "ಎಷ್ಟು ಸೇರಿನ ಸಂಡಿಗೆ ಇಟ್ಟೀಯವ್ವ?" ಎನ್ನುತ್ತಲೇ ಮೆಟ್ಟಿಲು ಹತ್ತಿದಳು.

ಹತ್ತಿದವಳು ಪಂಚೆಯ ಅಂಚಿನಲ್ಲೇ ನಿಂತುಬಿಟ್ಟಳು. ಒಂದು ಸಂಡಿಗೆ ಎತ್ತಿ ಊದಿದಳು, ಸೆರಗಿನಲ್ಲಿ ಒರೆಸಿ ಸೆರಗು ನೋಡಿದಳು. ಸೆರಗಿಗೆ ಏನೂ ಹತ್ತಿರಲಿಲ್ಲ.

"ಗಂಗೋತ್ರೀ, ಇದು ಹಿಂಗೆ ಬೆಳ್ಳಗೆ ಹೆಂಗೈತೆ?"

"ಅಕ್ಕಿ ಸಂಡಿಗೆ ಬೆಳ್ಳಗಿರದೆ ಇನ್ನೆಂಗಿರ್ತೈತೆ ಅತ್ತೆ?"

"ನಮ್ಮ ಓಣ್ಯಾಗೆ ಅಕ್ಕಿ ಹಾಕಿದ್ರೂ ರಾಗಿ ಸಂಡಿಗೆ ಆಗ್ತೈತೆ ಕಣವ್ವ."

ಆಮೇಲೆ ಅವಳ ಕಣ್ಣು ಸಂಡಿಗೆಯ ಪಕ್ಕದಲ್ಲಿದ್ದ ಬಿಳಿ ಪೆಟ್ಟಿಗೆಯ ಮೇಲೆ ಬಿತ್ತು. ಟ್ರಂಕಿನಷ್ಟು ದೊಡ್ಡದು, ಮೇಲೊಂದು ಕೊಳವೆ, ಮುಂದೊಂದು ಹಸಿರು ದೀಪ, ದೀಪದ ಪಕ್ಕ ಮಿಣುಗುವ ಅಂಕಿ. ನೀರಿನ ಟ್ಯಾಂಕಿನ ಹತ್ತಿರ ಭೀಮೇಶ ಹಲ್ಲುಜ್ಜುತ್ತಿದ್ದ.

"ಏನಪ್ಪ ಭೀಮೇಶಿ ಇದು?"

"ಹೊಗೆ ಎಷ್ಟೈತೆ ಅಂತ ಅಳಿಯೋ ಮಿಷನ್ನು ಅತ್ತೆ. ಗೌರ್ಮೆಂಟಿಂದು. ಮುಟ್ಟಬ್ಯಾಡ್ರಿ."

"ಯಾವಾಗಿಂದ ಐತೆ?"

"ಏಳು ತಿಂಗಳಾತು."

ಅಂಜಿನಮ್ಮ ಬೆರಳು ಮಡಿಸಿ ಎಣಿಸಿದಳು. ಅವಳ ಗಂಡ ಚಿಕ್ಕಹನುಮಂತಪ್ಪನಿಗೆ ಕೆಮ್ಮು ಹತ್ತಿಯೂ ಏಳೇ ತಿಂಗಳು. ಪೆಟ್ಟಿಗೆ ಇರುವ ಕಡೆ ಹೊಗೆ ಇಲ್ಲ, ಇಲ್ಲದ ಕಡೆ ಐತೆ. ಬಾಯಿಬಿಟ್ಟು ಏನೂ ಹೇಳದೆ ನಿಂಬೆಹಣ್ಣು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಹೋದಳು. ಅಂಜಿನಮ್ಮ ಮಾತಿಲ್ಲದೆ ಹೋದಳೆಂದರೆ ಏನೋ ಕಾದಿದೆ ಅಂತ ಭೀಮೇಶನಿಗೆ ಹೊಳೆಯಬೇಕಿತ್ತು. ಅವನು ಬಾಯಿ ಮುಕ್ಕಳಿಸಿ ಉಗಿದು ಸ್ನಾನಕ್ಕೆ ಹೋದ.

ಅಂಜಿನಮ್ಮನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅದು ಹೇಗೆಂದು ಹೇಳಬೇಕಾದರೆ ಭಟ್ಟಿಯ ವಿಷಯ ಹೇಳಬೇಕು.

ಜಗಳೂರಿನಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿ ಕಾರೇಹಟ್ಟಿ. ಊರಿಗೆ ಎರಡು ಓಣಿ, ಮೂಡಲದ್ದೊಂದು, ಪಡುವಲದ್ದೊಂದು. ನಡುವಿನ ದಿಬ್ಬದ ಮೇಲೆ ತಿಪ್ಪೇರುದ್ರಸ್ವಾಮಿಯವರ ಸೀಸದ ಭಟ್ಟಿ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಗುಜರಿ ಅಂಗಡಿಗಳಿಂದ ಸತ್ತ ಬ್ಯಾಟರಿಗಳು ಲಾರಿಯಲ್ಲಿ ಬಂದು ಇಲ್ಲಿ ಬೀಳುತ್ತವೆ. ಅವನ್ನು ಒಡೆದು ಒಳಗಿನ ಸೀಸ ಕರಗಿಸಿ ಗಟ್ಟಿ ಹೊಯ್ಯುತ್ತಾರೆ. ಒಂದು ಸಲ ಭಟ್ಟಿ ತುಂಬಿಸಿ, ಕರಗಿಸಿ, ಹೊಯ್ದು ಮುಗಿಸುವುದಕ್ಕೆ ಒಂದು ಹೀಟು ಅನ್ನುತ್ತಾರೆ. ಹೀಟಿಗೆ ನಾಲ್ಕು ತಾಸು. ನಡುವೆ ಉರಿ ನಿಂತರೆ ಸೀಸ ಭಟ್ಟಿಯೊಳಗೇ ಹೆಪ್ಪುಗಟ್ಟಿ ಕೂತುಬಿಡುತ್ತದೆ. ಎರಡೂ ಓಣಿಯ ನಲವತ್ತು ಜನ ಅಲ್ಲಿ ದುಡಿಯುತ್ತಾರೆ. ಯಾವ ಹೀಟು ಯಾವಾಗ ಹಚ್ಚಬೇಕು, ಯಾರು ಯಾವ ಪಾಳಿಗೆ ಬರಬೇಕು ಅಂತ ಪಟ್ಟಿ ಬರೆಯುವವನು ಭೀಮೇಶ.

ಬರೆಯುವುದು ಸುಲಭವಲ್ಲ. ಏಕೆಂದರೆ ಪೆಟ್ಟಿಗೆಯ ಅಂಕಿ ನೂರು ದಾಟಿದರೆ ಭಟ್ಟಿಗೆ ಗಾಳಿ ಊದುವ ಬ್ಲೋವರಿನ ಕರೆಂಟು ತಾನಾಗಿಯೇ ಕಟ್ಟಾಗುತ್ತದೆ, ಮಾಲಿನ್ಯದ ಕಚೇರಿಗೆ ಮೆಸೇಜು ಹೋಗುತ್ತದೆ. ಪೆಟ್ಟಿಗೆ ಮಾತ್ರ ಊರಿಗೆಲ್ಲ ಒಂದೇ. ಎಲ್ಲಿಡುವುದು ಅಂತ ಏಳು ತಿಂಗಳ ಹಿಂದೆ ಮಾತು ಬಂದಾಗ ಭೀಮೇಶ ಮುಂದೆ ಬಂದು, "ನಮ್ಮನೆ ಮಾಳಿಗೆ ಮೇಲಿಡ್ರಿ ಸಾರ್, ನಾನೇ ನೋಡ್ಕಂತೀನಿ" ಅಂದಿದ್ದ. ಕೆಲಸದ ಮೇಲೆ ಇಷ್ಟು ನಿಷ್ಠೆ ಇರುವ ಹುಡುಗ ಅಂತ ತಿಪ್ಪೇರುದ್ರಸ್ವಾಮಿಯವರು ಬೆನ್ನು ತಟ್ಟಿದ್ದರು.

ನಿಷ್ಠೆ ಅಲ್ಲ. ಅದಕ್ಕೆ ಹದಿನೈದು ದಿನ ಮೊದಲು ಭೀಮೇಶ ಆರು ವರ್ಷದ ಮಗಳು ರಕ್ಷಾಳನ್ನು ದಾವಣಗೆರೆಗೆ ಕರೆದುಕೊಂಡು ಹೋಗಿದ್ದ. ಯಾವಾಗಲೂ ಹೊಟ್ಟೆನೋವು, ಊಟ ಸೇರದು, ನಿನ್ನೆ ಕಲಿತ ಅಕ್ಷರ ಇವತ್ತು ನೆನಪಿಲ್ಲ. ರಕ್ತ ನೋಡಿದ ಡಾಕ್ಟರು ಸೀಸ ಸೇರಿದೆ, ಇರಬಾರದಷ್ಟು ಸೇರಿದೆ ಅಂದರು. "ಮನೆ ಹತ್ರ ಭಟ್ಟಿ ಗಿಟ್ಟಿ ಏನಾದ್ರೂ ಇದೆಯೇನ್ರಿ?" ಅಂತ ಕೇಳಿದರು. ಜೇಬಿನ ಮೇಲೆ ಭಟ್ಟಿಯ ಹೆಸರು ಹೊಲಿದಿದ್ದ ಅಂಗಿ ತೊಟ್ಟು ಕೂತಿದ್ದ ಭೀಮೇಶ, "ಗೊತ್ತಿಲ್ಲ ಸಾರ್" ಅಂದ. ಡಾಕ್ಟರು ಜೇಬು ನೋಡಿದರು, ಅವನ ಮುಖ ನೋಡಿದರು, ಮಗೂನ ಹೊಗೆಯಿಂದ ದೂರ ಇಡಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು.

ದೂರ ಎಲ್ಲಿಗೆ ಹೋಗುವುದು? ಹೊಗೆಯನ್ನೇ ದೂರ ಕಳಿಸಿದ. ಊರಿನ ಬಡಗಲಿಗೆ ಗುಡ್ಡದ ಮೇಲೆ ಸಾಲಾಗಿ ಕರೆಂಟು ಮಾಡುವ ಗಾಳಿಫ್ಯಾನುಗಳಿವೆ. ಗಾಳಿ ಬರುವ ದಿಕ್ಕಿಗೆ ಅವು ಮುಖ ತಿರುಗಿಸುತ್ತವೆ. ಫ್ಯಾನು ಮೂಡಲಿಗೆ ಮುಖ ಮಾಡಿದರೆ ಹೊಗೆ ಪಡುವಲ ಓಣಿಗೆ ಹೋಗುತ್ತದೆ, ಮೂಡಲ ಓಣಿಯ ಪೆಟ್ಟಿಗೆ ಮೂವತ್ತು ತೋರಿಸುತ್ತದೆ. ಆಗ ಹೀಟು ಹಚ್ಚು. ಫ್ಯಾನು ಪಡುವಲಿಗೆ ತಿರುಗಿತೋ, ಭಟ್ಟಿ ಹಚ್ಚದೆ ಬ್ಯಾಟರಿ ಒಡೆ. ಮಳೆಗಾಲದಲ್ಲಿ ಬಿಡದೆ ಪಡುವಲ ಗಾಳಿ ಬೀಸುವ ದಿನಗಳಿಗೆ ಭಟ್ಟಿ ರಿಪೇರಿ ಅಂತ ಬರೆದ. ಏಳು ತಿಂಗಳಲ್ಲಿ ಅಂಕಿ ಒಮ್ಮೆಯೂ ನೂರು ಮುಟ್ಟಲಿಲ್ಲ. ಸ್ವಾಮಿಯವರು ಅವನನ್ನು ಇಂಜಿನಿಯರ್ ಅಂತಲೇ ಕರೆಯತೊಡಗಿದರು. ಎರಡನೇ ಸಲ ನೋಡಿಸಿದಾಗ ರಕ್ಷಾಳ ರಕ್ತದಲ್ಲಿ ಸೀಸ ಅರ್ಧಕ್ಕೆ ಇಳಿದಿತ್ತು. ಪಡುವಲ ಓಣಿಯ ಮಕ್ಕಳ ರಕ್ತ ಯಾರೂ ನೋಡಿಸಿರಲಿಲ್ಲ.

ಇದು ಭೀಮೇಶನಿಗೆ ಗೊತ್ತಿತ್ತು. ಗೊತ್ತಿದ್ದೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ನಾನೇನೂ ಮುಚ್ಚಿಡುವುದಿಲ್ಲ. ಅವನನ್ನು ಬೈಯುವವರು ಬೈಯಲಿ, ಆದರೆ ಮನೆಯಲ್ಲಿ ಮಗುವಿದ್ದವರು ಒಂದು ನಿಮಿಷ ತಡೆದು ಬೈಯಲಿ.

ಎಂಟೂವರೆಗೆ ಭೀಮೇಶ ಟಿವಿಎಸ್ ಹೊರಗೆ ತೆಗೆದರೆ ಗೇಟಿನಲ್ಲಿ ಪಡುವಲ ಓಣಿಯ ಇಪ್ಪತ್ತು ಜನ. ಮುಂದೆ ಅಂಜಿನಮ್ಮ, ಪಕ್ಕದಲ್ಲಿ ಹೆಗಲ ಮೇಲೆ ಟವಲು ಹಾಕಿಕೊಂಡು ಕೆಮ್ಮುತ್ತಾ ಚಿಕ್ಕಹನುಮಂತಪ್ಪ. ಅವನು ಮೂವತ್ತು ವರ್ಷ ಊರಿಗೆ ನಲ್ಲಿ ನೀರು ಬಿಟ್ಟವನು. ಯಾವ ಓಣಿಗೆ ಎಷ್ಟು ಹೊತ್ತು ಅನ್ನುವ ನ್ಯಾಯ ಅವನಿಗೆ ರಕ್ತದಲ್ಲೇ ಬಂದಿತ್ತು.

"ಏನಿಲ್ಲಪ್ಪ. ಏಳು ತಿಂಗಳು ನಿಮ್ಮ ಕಡೆ ಇಟ್ಕಂಡೀರಿ. ಇನ್ನೇಳು ತಿಂಗಳು ನಮ್ಮ ಕಡೆ ಇರ್ಲಿ. ಆಮ್ಯಾಲೆ ವಾಪಸ್ ಕೊಡ್ತೀವಿ," ಅಂದ ಚಿಕ್ಕಹನುಮಂತಪ್ಪ.

"ಮಾವಾ, ಅದು ಹೊಗೆ ತಡಿಯಾಕಿಲ್ಲ, ಬರೀ ಅಳಿತೈತೆ."

"ಅಳಿಲಿ ಬಿಡು," ಅಂದಳು ಅಂಜಿನಮ್ಮ. "ನಮ್ಮ ಕಡೆನೂ ಅಳಿಲಿ. ನಿಮ್ಮ ಕಡೆ ಅಳದ್ರೆ ಸಂಡಿಗೆ ಬೆಳ್ಳಗಾಗ್ತೈತೆ, ನಮ್ಮ ಕಡೆ ಅಳದ್ರೆ ಆಗಲ್ವೇನು?"

ಆಗಲ್ಲ ಅಂತ ಭೀಮೇಶ ಅನ್ನುವಂತಿರಲಿಲ್ಲ, ಪೆಟ್ಟಿಗೆ ಆ ಕಡೆ ಹೋದರೆ ಆ ಗಾಳಿಗೆ ಭಟ್ಟಿ ನಿಲ್ಲಿಸಬೇಕಾಗಿ ಸಂಡಿಗೆ ಖಂಡಿತ ಬೆಳ್ಳಗಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಕಾಂಪೌಂಡಿನಿಂದ ಪ್ರೇಮಮ್ಮನ ತಲೆ ಎದ್ದಿತು. ಮೂಡಲ ಓಣಿಯ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆ. ಇಷ್ಟು ದಿನ ಆ ಪೆಟ್ಟಿಗೆಯ ಕೊಳವೆಗೆ ತನ್ನ ಒದ್ದೆ ರವಿಕೆ ನೇತುಹಾಕಬೇಕೋ ಬೇಡವೋ ಅನ್ನುವುದು ಬಿಟ್ಟು ಅವಳು ಅದರ ಬಗ್ಗೆ ಬೇರೇನೂ ಯೋಚಿಸಿದವಳಲ್ಲ.

"ಏನು ಒಯ್ತೀರಿ? ಮೂಡಲ ಓಣಿ ಪೆಟ್ಟಿಗೆ ಪಡುವಲ ಓಣಿಗೆ ಒಯ್ತೀರಾ? ಒಯ್ದು ನೋಡ್ರಿ!"

"ನಿಮ್ಮಪ್ಪನ ಮನಿಯಿಂದ ತಂದಿದ್ದೇನು?" ಅಂದಳು ಅಂಜಿನಮ್ಮ.

"ನಮ್ಮಪ್ಪನ ಸುದ್ದಿಗೆ ಬಂದ್ರೆ ಗ್ರಹಚಾರ ಬಿಡಿಸ್ತೀನಿ!"

ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ತಾವೇ ಹೋಗುತ್ತಾರೆ ಅಂದುಕೊಂಡು ಭೀಮೇಶ ಸಂದಿಯಲ್ಲಿ ಟಿವಿಎಸ್ ನುಗ್ಗಿಸಿ ಭಟ್ಟಿಗೆ ಹೊರಟುಹೋದ. ಗುಡ್ಡದ ಮೇಲೆ ಫ್ಯಾನುಗಳು ಮೂಡಲಿಗೆ ಮುಖ ಮಾಡಿದ್ದವು. ಅವನ ಪಟ್ಟಿಯ ಪ್ರಕಾರ ಎಂಟು ಗಂಟೆಗೇ ಹೀಟು ಹಚ್ಚಿದ್ದರು.

ಹತ್ತೂಕಾಲಿನ ತನಕ ಎಲ್ಲ ಸರಿಯಿತ್ತು. ಕಚೇರಿಯ ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಅಂಕಿ ಮೂವತ್ತನಾಲ್ಕು. ಭೀಮೇಶ ಮುಂದಿನ ವಾರದ ಪಟ್ಟಿ ತೆಗೆದು ಕೂತ. ಮತ್ತೊಮ್ಮೆ ನೋಡಿದರೆ ಎಪ್ಪತ್ತು. ಕಣ್ಣುಜ್ಜಿಕೊಂಡ. ಇನ್ನೂರ ಹನ್ನೆರಡು. ನಾನೂರ ಎಂಬತ್ತು. ಬ್ಲೋವರು ಒಂದು ಸಲ ನರಳಿ ನಿಂತಿತು. ಹಗಲೆಲ್ಲ ಆ ಸದ್ದಿನೊಳಗೇ ಬದುಕುವ ಜನ, ಸದ್ದು ನಿಂತಾಗ ಕೈಯಲ್ಲಿದ್ದದ್ದು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು.

ತಿಪ್ಪೇರುದ್ರಸ್ವಾಮಿಯವರು ಕೋಣೆಯಿಂದ ಬಂದರು. ವಿಭೂತಿ ಹಚ್ಚಿದ ಹಣೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ದನಿ ಏರಿಸಿದವರಲ್ಲ, ಅವತ್ತು ಏರಿಸಿದರು.

"ಇಂಜಿನಿಯರ್ರೇ! ಗಾಳಿ ಆ ಕಡೆ ಹೋಗ್ತೈತೆ, ನಂಬರ್ ಈ ಕಡೆ ಹೆಂಗೆ ಏರ್ತು?"

"ಗೊತ್ತಿಲ್ಲ ಸಾರ್."

"ಎರಡು ಟನ್ ಸೀಸ ಒಳಗೈತೆ. ಹೆಪ್ಪಾದ್ರೆ ನಿನ್ನ ಕೈಯಾಗೇ ಕೆತ್ತಿಸ್ತೀನಿ. ಓಡು!"

ಭೀಮೇಶ ಓಡಿದ. ಮನೆಯ ಮಾಳಿಗೆ ಹತ್ತಿ ನೋಡಿದರೆ ಮೂಡಲ ಓಣಿಯ ಅರ್ಧ ಹೆಂಗಸರು ಅಲ್ಲಿದ್ದರು. ಪೆಟ್ಟಿಗೆಗೆ ಮೂರೆಳೆ ವಿಭೂತಿ, ಅದರ ಮೇಲೆ ಕುಂಕುಮ, ಕೊರಳಿದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿ ಚೆಂಡುಹೂವಿನ ಹಾರ. ಕೊಳವೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಗಾಳಿ ಎಳೆದುಕೊಳ್ಳುವ ತೂತಿನಲ್ಲಿ ಒಂದು ಕಟ್ಟು ಊದುಬತ್ತಿ ನೆಟ್ಟಿದ್ದರು, ಅದರ ಬುಡದಲ್ಲೇ ಕೆಂಡದ ತಟ್ಟೆಯಿಟ್ಟು ಪ್ರೇಮಮ್ಮ ಲೋಬಾನ ಸುರಿಯುತ್ತಿದ್ದಳು. ಹೊಗೆಯಲ್ಲಿ ಗಂಗೋತ್ರಿ ಕಾಣುತ್ತಲೇ ಇರಲಿಲ್ಲ, ಅವಳ ಕೆಮ್ಮು ಮಾತ್ರ ಕೇಳುತ್ತಿತ್ತು.

"ಪ್ರೇಮಕ್ಕಾ! ಏನ್ ಮಾಡಾಕೆ ಹತ್ತೀರಿ?"

"ಕಾಣಲ್ವೇನು? ಅಮಾಸೆ ಪೂಜೆ. ಪಡುವಲ ಓಣಿಯೋರ ಕಣ್ಣು ಬಿದ್ದೈತೆ, ದೃಷ್ಟಿ ತೆಗಿತಿದೀವಿ."

"ಅದಕ್ಕೆ ಹೊಗೆ ಹಾಕಬಾರ್ದು ಅಕ್ಕಾ!"

"ಗಾಡಿಗೆ ಹಾಕ್ತೀವಿ, ಮೋಟ್ರಿಗೆ ಹಾಕ್ತೀವಿ, ಹಿಟ್ಟಿನ ಗಿರಣಿಗೆ ಹಾಕ್ತೀವಿ. ಮನಿ ಮಿಕ್ಸಿಗೂ ಬಿಟ್ಟಿಲ್ಲ. ಏಳು ತಿಂಗಳು ನಮ್ಮನ್ನ ಕಾಪಾಡಿದ್ದಕ್ಕೆ ಹಾಕಬಾರ್ದಾ? ನಿಂದೊಳ್ಳೆ ಕತೆ ಆತಲ್ಲ."

ಭೀಮೇಶ ಊದುಬತ್ತಿ ಕಿತ್ತು ಎಸೆದ, ಕೆಂಡಕ್ಕೆ ನೀರು ಸುರಿದ. ನೀರು ಬಿದ್ದ ಕೆಂಡ ಇನ್ನಷ್ಟು ಹೊಗೆ ಕಾರಿತು. ಅಂಕಿ ಒಂಬೈನೂರಕ್ಕೆ ಹೋಯಿತು. ಪೂಜೆ ಕೆಡಿಸಿದ ಅಂತ ಹೆಂಗಸರು ಶಾಪ ಹಾಕಿದರು. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸ್ವಾಮಿಯವರು ಎರಡೇ ಮಾತು ಹೇಳಿದರು. ಸೀಸ ಹೆಪ್ಪಾಯಿತು, ಮಾಲಿನ್ಯದ ಕಚೇರಿಯಿಂದ ಮೇಡಂ ಹೊರಟಿದ್ದಾರೆ.

ಒಂದು ಗಂಟೆಗೆ ಜೀಪು ಬಂತು. ಇಳಿದವರು ಮೇಘಶ್ರೀ ಅನ್ನುವ ಅಧಿಕಾರಿ. ನ್ಯಾಮತಿ ಕಡೆಯವರು, ಕೆಲಸಕ್ಕೆ ಸೇರಿ ಎರಡು ವರ್ಷ, ಊಟ ಆಗಿರಲಿಲ್ಲ. ಮಾಳಿಗೆ ಹತ್ತಿ ಪೆಟ್ಟಿಗೆಯ ವಿಭೂತಿ ಕರವಸ್ತ್ರದಲ್ಲಿ ಒರೆಸಿದರು. ಸುತ್ತ ನೋಡಿದರು. ಕೆಳಗೆ ಎರಡೂ ಓಣಿಯ ಜನ ನೆರೆದಿದ್ದರು.

"ಇದು ಯಾರ ಮನೆ?"

"ನಂದೇ ಮೇಡಂ," ಅಂದ ಭೀಮೇಶ.

"ನೀವೇನ್ ಕೆಲಸ ಮಾಡ್ತೀರಿ?"

"ಭಟ್ಟಿಯಾಗೆ ಪಾಳಿ ಬರಿತೀನಿ ಮೇಡಂ. ಯಾವ ಹೀಟು ಯಾವಾಗ ಅಂತ."

ಮೇಘಶ್ರೀ ಅವನನ್ನು ನೋಡಿದರು. ಆಮೇಲೆ ಗುಡ್ಡದ ಮೇಲಿನ ಫ್ಯಾನು, ದಿಬ್ಬದ ಮೇಲಿನ ಚಿಮಣಿ, ಪಂಚೆಯ ಮೇಲಿನ ಸಂಡಿಗೆ ಒಂದಾದ ಮೇಲೊಂದು ನೋಡಿದರು. ಬುದ್ಧಿವಂತೆ, ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ರಕ್ಷಾಳನ್ನೂ ನೋಡಿದರು.

"ನೌಕರರ ಮನೆ ಮೇಲೆ ಇದು ಇರೋ ಹಾಗಿಲ್ಲ. ಇವತ್ತೇ ಬೇರೆ ಕಡೆ ಹಾಕಿಸ್ಬೇಕು. ಎಲ್ಲಿ ಅಂತ ನೀವೇ ಮಾತಾಡ್ಕೊಂಡು ಹೇಳ್ರಿ."

ಊರಿನವರಿಗೆ ಮಾತಾಡಿಕೊಳ್ಳಿ ಅನ್ನುವುದು ಎಂಥ ಅಪಾಯ ಅಂತ ಎರಡು ವರ್ಷದ ಕೆಲಸದಲ್ಲಿ ಅವರು ಕಲಿತಿರಲಿಲ್ಲ. ನಮ್ಮ ಓಣಿಗೆ, ನಮ್ಮ ಓಣಿಗೆ ಅಂತ ಶುರುವಾದದ್ದು ಹತ್ತು ನಿಮಿಷದಲ್ಲಿ ಹಳೇ ಗಣಪತಿ ಮೆರವಣಿಗೆಯ ಜಗಳಕ್ಕೆ ಹೋಗಿ, ಅಲ್ಲಿಂದ ನಲ್ಲಿ ನೀರಿಗೆ ಬಂತು. ಒಬ್ಬನ ಅಂಗಿ ಹರಿಯಿತು. ಮೇಘಶ್ರೀಯವರ ಡ್ರೈವರು ಜೀಪಿನ ಗಾಜು ಏರಿಸಿಕೊಂಡ.

ಆಗ ಭೀಮೇಶ ಒಂದು ಮಾತಾಡಿದ. ಅವತ್ತಿನ ದಿನ ಅವನು ಮಾಡಿದ ಒಳ್ಳೇ ಕೆಲಸ ಇದೊಂದೇ, ಆದ್ದರಿಂದ ಹೇಳಲೇಬೇಕು.

"ಮೇಡಂ, ಎರಡು ಪೆಟ್ಟಿಗೆ ಇಡ್ರಿ. ಆ ಓಣಿಗೊಂದು, ಈ ಓಣಿಗೊಂದು."

ಜನ ಹಿಡಿದಿದ್ದ ಅಂಗಿಗಳನ್ನು ಬಿಟ್ಟು ಅವನ ಕಡೆ ತಿರುಗಿದರು. ಇಷ್ಟು ಸುಲಭದ ಮಾತು ಯಾರಿಗೂ ಹೊಳೆದಿರಲಿಲ್ಲ. ಜೀಪಿನ ಹಿಂದೆಯೇ ಬಂದಿದ್ದ ತಿಪ್ಪೇರುದ್ರಸ್ವಾಮಿಯವರು ಮಾತ್ರ ನಗುತ್ತಾ ಮುಂದೆ ಬಂದರು.

"ಇಡಣ. ಮೂಡಲ ಗಾಳಿಗೂ ಭಟ್ಟಿ ನಿಲ್ಲಿಸಣ, ಪಡುವಲ ಗಾಳಿಗೂ ನಿಲ್ಲಿಸಣ. ಗಾಳಿನೇ ಇಲ್ಲದ ದಿನ ಯಾವುದಾದ್ರೂ ಇದ್ರೆ ಹಚ್ಚಣ. ನಾಳೆಯಿಂದ ನೀವು ನಲವತ್ತು ಜನ ಎಲ್ಲಿಗೆ ಕೆಲ್ಸಕ್ಕೆ ಹೋಗ್ತೀರಿ, ಅದೊಂದು ಹೇಳ್ರಪ್ಪ ನಂಗೆ."

ಚಿಕ್ಕಹನುಮಂತಪ್ಪ ಟವಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದ. ಅವನ ಇಬ್ಬರು ಅಳಿಯಂದಿರೂ ಭಟ್ಟಿಯಲ್ಲೇ ದುಡಿಯುವವರು. ಎರಡನೇ ಪೆಟ್ಟಿಗೆಗೆ ಬರೆದು ಹಾಕ್ತೀನಿ, ಮಂಜೂರಾಗಲು ಒಂದು ವರ್ಷವಾದರೂ ಬೇಕು, ಸದ್ಯಕ್ಕೆ ಇರುವುದು ಒಂದೇ ಅಂದರು ಮೇಘಶ್ರೀ.

ಅಂಜಿನಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತಳು.

"ಹಂಗಾದ್ರೆ ಅವ್ರಿಗೂ ಬ್ಯಾಡ, ನಮಗೂ ಬ್ಯಾಡ. ತೆಂಕಲಿಗೆ ಸುಡುಗಾಡೈತಲ್ಲ, ಅಲ್ಲಿಡ್ರಿ. ಎರಡೂ ಓಣಿಗೆ ಅದೊಂದೇ. ಯಾರೂ ತಕರಾರು ಮಾಡಂಗಿಲ್ಲ."

ಪ್ರೇಮಮ್ಮನಿಗೆ ಪೆಟ್ಟಿಗೆ ಹೋದ ದುಃಖಕ್ಕಿಂತ ಅದು ಅಂಜಿನಮ್ಮನಿ‌ಗೆ ಸಿಗಲಿಲ್ಲವೆಂಬ ಸಮಾಧಾನ ದೊಡ್ಡದಾಗಿತ್ತು. "ಒಳ್ಳೆ ಮಾತು," ಅಂದಳು. ಎರಡೂ ಓಣಿಯವರು ಚಪ್ಪಾಳೆ ತಟ್ಟಿದರು. ಕಾರೇಹಟ್ಟಿಯಲ್ಲಿ ಎರಡು ಓಣಿಯವರು ಸೇರಿ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಮೇಘಶ್ರೀ ಕಾಗದ ತೆಗೆದು ನಿಯಮ ಓದಿದರು. "ಬಯಲು ಇರ್ಬೇಕು, ಇದೆ. ನೌಕರರ ಮನೆ ಇರ್ಬಾರ್ದು, ಇಲ್ಲ. ಜನವಸತಿ ಹತ್ರ ಇರ್ಬೇಕು..." ಎಂದು ತಲೆಯೆತ್ತಿ, "ಅಲ್ಲಿ ಯಾರಾದ್ರೂ ಇದಾರಾ?" ಅಂತ ಕೇಳಿದರು.

"ಎಲ್ಲಾರೂ ಅದಾರೆ ಮೇಡಂ," ಅಂದಳು ಅಂಜಿನಮ್ಮ. "ನಮ್ಮತ್ತೆ, ನಮ್ಮ ಮಾವ, ಈ ಪ್ರೇಮಮ್ಮನ ಗಂಡ. ಊರಾಗಿರೋರಿಗಿಂತ ಅಲ್ಲಿರೋರೇ ಹೆಚ್ಚು."

ಮೇಘಶ್ರೀ ಅರೆಮನಸ್ಸಿನಿಂದ ಸಹಿ ಹಾಕಿದರು. ಹೊಡೆದಾಟ ತಪ್ಪಿತಲ್ಲ ಅನ್ನುವುದಷ್ಟೇ ಅವರಿಗೆ ಸಮಾಧಾನ. ಮೂರು ಗಂಟೆಗೆ ಪೆಟ್ಟಿಗೆ, ಅದರ ಹೂವಿನ ಹಾರದ ಸಮೇತ, ನಾಲ್ಕು ಜನರ ಹೆಗಲ ಮೇಲೆ ತೆಂಕಲಿಗೆ ಹೋಯಿತು. ಆ ದಾರಿಯಲ್ಲಿ ಹೆಗಲ ಮೇಲೆ ಹೋಗುವ ಬೇರೆ ಯಾವುದರ ಹಿಂದೆಯೂ ಜನ ಅಷ್ಟು ಸಂತೋಷದಿಂದ ನಡೆದಿರಲಿಲ್ಲ.

ಭೀಮೇಶನೊಬ್ಬ ನಡೆಯಲಿಲ್ಲ. ಅವನಿಗೆ ಅರ್ಥವಾಗಿತ್ತು. ಸ್ವಾಮಿಯವರಿಗೂ ಅರ್ಥವಾಗಿತ್ತು, ಅವರು ಅವನ ಹೆಗಲ ಮೇಲೆ ಕೈಹಾಕಿ ಭಟ್ಟಿಯ ಕಡೆಗೆ ನಡೆಸಿಕೊಂಡು ಹೋದರು.

"ಪೆಟ್ಟಿಗೆ ತೆಂಕಲಿಗೆ ಹೋತು. ಇನ್ಮೇಲೆ ಯಾವ ಗಾಳಿಗೆ ಭಟ್ಟಿ ನಿಲ್ಲಿಸ್ಬೇಕು ಇಂಜಿನಿಯರ್ರೇ?"

"ಬಡಗಲ ಗಾಳಿಗೆ ಸಾರ್. ಅದು ಬೀಸಿದ್ರೆ ಮಾತ್ರ ಅಲ್ಲಿಗೆ ಹೊಗೆ ಹೋಗ್ತೈತೆ."

"ಬಡಗಲ ಗಾಳಿ ವರ್ಷಕ್ಕೆ ಎಷ್ಟು ದಿನ ಬೀಸ್ತೈತೆ ನಮ್ಮೂರಾಗೆ?"

ಭೀಮೇಶ ಗುಡ್ಡದ ಫ್ಯಾನುಗಳನ್ನು ನೋಡಿದ. ಮಧ್ಯಾಹ್ನದ ಗಾಳಿಗೆ ಅವು ಪಡುವಲಿಗೆ ತಿರುಗಿದ್ದವು. "ಹತ್ತು ದಿನ ಬೀಸಿದ್ರೆ ಹೆಚ್ಚು ಸಾರ್," ಅಂದ.

"ಹಂಗಾದ್ರೆ ದಿನಕ್ಕೆ ಆರು ಹೀಟು ಬರಿ. ಈಗ್ಲಿಂದಾನೇ. ಹೆಪ್ಪಾಗಿದ್ದು ಮೊದ್ಲು ಕರಗಲಿ."

"ಸಾರ್, ಈಗ ಗಾಳಿ ಮೂಡಲ ಓಣಿ ಕಡಿಗೆ ಐತೆ."

"ಐತೆ. ಬೆಳಿಗ್ಗೆ ಪಡುವಲ ಓಣಿ ಕಡಿಗೆ ಇರ್ತೈತೆ. ಇಬ್ರಿಗೂ ಸಮ. ಊರೋರೇ ಒಪ್ಪಿದ ನ್ಯಾಯ." ತಮ್ಮ ಪೆನ್ನನ್ನೇ ತೆಗೆದು ಅವನ ಕೈಗೆ ಕೊಟ್ಟರು. "ಆಗಲ್ಲ ಅಂದ್ರೆ ಹೇಳಪ್ಪ. ಪಾಳಿ ಬರಿಯೋರು ಬೇರೆ ಸಿಗ್ತಾರೆ."

ಭೀಮೇಶ ಬರೆದ. ಆರು ಹೀಟು, ಮೂರು ಪಾಳಿ, ಒಂದು ತಾಸೂ ಖಾಲಿ ಇಲ್ಲ. ಕೆಲಸದ ಲೆಕ್ಕದಲ್ಲಿ ಅಂಥ ಅಚ್ಚುಕಟ್ಟಾದ ಪಟ್ಟಿಯನ್ನು ಅವನು ಹಿಂದೆ ಬರೆದಿರಲಿಲ್ಲ. ಕೆಳಗೆ ಸಹಿ ಹಾಕಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ.

ಐದೂವರೆಗೆ ಮನೆಗೆ ಬಂದಾಗ ಕಿಟಕಿ ಬಾಗಿಲು ಎಲ್ಲ ಹಾಕಿತ್ತು. ಸಂದಿಗಳಿಗೆ ಗಂಗೋತ್ರಿ ಒದ್ದೆ ಬಟ್ಟೆ ತುರುಕಿದ್ದಳು. ಮೊರದಲ್ಲಿದ್ದ ಸಂಡಿಗೆ ರಾಗಿ ಬಣ್ಣಕ್ಕೆ ತಿರುಗಿತ್ತು.

"ಏನ್ರೀ ಇದು? ಗಾಳಿ ಈ ಕಡಿಗಿದ್ರೆ ಹಚ್ಚಾಕಿಲ್ಲ ಅಂತಿದ್ರಿ. ಯಾರು ಹಂಗೆ ಬರೆದಿದ್ದು?"

"ನಾನೇ ಬರ್ದೆ," ಅಂದ ಭೀಮೇಶ.

ಗಂಗೋತ್ರಿ ಇನ್ನೊಂದು ಒದ್ದೆ ಬಟ್ಟೆ ಹಿಂಡಿ ಬಾಗಿಲ ಸಂದಿಗೆ ತುರುಕಿದಳು. ಮೂಲೆಯಲ್ಲಿ ರಕ್ಷಾ ಹೊಟ್ಟೆ ಹಿಡಿದುಕೊಂಡು ಮುದುರಿ ಕೂತಿದ್ದಳು. ಏಳು ತಿಂಗಳಿಂದ ಅವಳು ಹಾಗೆ ಕೂತಿರಲಿಲ್ಲ. ಭೀಮೇಶನಿಗೆ ತಡೆಯಲಾಗಲಿಲ್ಲ. ಮಗಳನ್ನು ಎತ್ತಿ ಟಿವಿಎಸ್ಸಿನ ಮುಂದೆ ಕೂರಿಸಿಕೊಂಡು ತೆಂಕಲಿಗೆ ಹೊರಟ.

ದಾರಿಯುದ್ದಕ್ಕೂ ಅವನ ತಲೆ ಕೆಲಸ ಮಾಡುತ್ತಿತ್ತು. ಮೂಡಲಿಗೂ ಹೊಗೆ, ಪಡುವಲಿಗೂ ಹೊಗೆ. ಇಡೀ ಊರಿನಲ್ಲಿ ಶುದ್ಧ ಗಾಳಿ ಇರುವುದು ಈಗ ಸುಡುಗಾಡಿನಲ್ಲಿ ಮಾತ್ರ. ಬೇರೆಯವರಿಗೆ ಇದು ಹೊಳೆಯಲು ವಾರವಾದರೂ ಬೇಕು. ಅದರ ಮೇಲೆ ಅಮಾವಾಸ್ಯೆ, ಸಂಜೆ ಹೊತ್ತು. ಆ ಹೊತ್ತಿನಲ್ಲಿ ಕಾರೇಹಟ್ಟಿಯ ಗಂಡಸರೂ ಆ ಕಡೆ ತಲೆ ಹಾಕುವುದಿಲ್ಲ. ದಿನಾ ಎರಡು ತಾಸು ಕರೆದುಕೊಂಡು ಬಂದರೆ, ರಜೆಯಲ್ಲಿ ಇಡೀ ದಿನ ಕರೆದುಕೊಂಡು ಬಂದರೆ... ಅವನು ಆಗಲೇ ಮನಸ್ಸಿನಲ್ಲಿ ರಕ್ಷಾಳ ಪಾಳಿಪಟ್ಟಿ ಹಾಕತೊಡಗಿದ್ದ.

ಸುಡುಗಾಡಿನ ಮೂರು ಕಡೆ ಬಳ್ಳಾರಿ ಜಾಲಿ, ಒಂದು ಕಡೆ ಹಳ್ಳ. ತಂತಿಬೇಲಿಯ ಗೇಟಿನ ಹತ್ತಿರ ಬಂದಾಗ ಒಳಗಿನಿಂದ ಮಾತು ಕೇಳಿಸಿತು. ರಕ್ಷಾ ಅವನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡಳು.

ದೆವ್ವಗಳಾಗಿದ್ದರೆ ಚೆನ್ನಾಗಿತ್ತು. ಒಳಗೆ ಇಡೀ ಊರು ಕೂತಿತ್ತು.

ಗೋರಿಗಳ ನಡುವೆ ಚಾಪೆ ಹಾಸಿದ್ದರು. ಚಾಪೆ ಇಲ್ಲದ ಕಡೆ ಬಸ್ಸಿನ ಸೀಟು ಹಿಡಿಯುವಂತೆ ಟವಲು ಹಾಕಿ ಜಾಗ ಹಿಡಿದಿದ್ದರು. ಪ್ರೇಮಮ್ಮ ಸ್ವಂತ ಗಂಡನ ಗೋರಿಗೆ ಒರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ನಟ್ಟನಡುವೆ ಪೆಟ್ಟಿಗೆ, ಅದರ ಪಕ್ಕದಲ್ಲೇ ಪಂಚೆ ಹಾಸಿ ಅಂಜಿನಮ್ಮ ಹೊಸ ಸಂಡಿಗೆ ಇಟ್ಟಿದ್ದಳು.

"ಅತ್ತೆ, ನೀವು? ಇವತ್ತು ಗಾಳಿ ನಮ್ಮ ಕಡಿಗೈತೆ, ನಿಮ್ಮ ಓಣಿ ಚೆನ್ನಾಗೈತಲ್ಲ?"

"ನಾಳೆ ಬೆಳಿಗ್ಗೆ ನಮ್ಮ ಕಡಿಗೆ ಬರ್ತೈತಲ್ಲ. ಈಗ್ಲೇ ಜಾಗ ಹಿಡಿಯಾಕೆ ಬಂದೀವಿ," ಅಂದಳು ಅಂಜಿನಮ್ಮ. "ಪೆಟ್ಟಿಗೆ ಇದ್ದಲ್ಲಿ ಹೊಗೆ ಇರಲ್ಲ. ನಾನು ಬೆಳಿಗ್ಗೇನೇ ನೋಡಿದ್ನಲ್ಲ. ಇಲ್ಲಾಂದ್ರೆ ಸುಡುಗಾಡಿಗೆ ಯಾಕೆ ಇಡಿಸ್ತಿದ್ದೆ?"

ಭೀಮೇಶ ಗೇಟು ತಳ್ಳಿದ. ಚಿಕ್ಕಹನುಮಂತಪ್ಪ ಒಳಗಿನಿಂದ ಕೈ ಅಡ್ಡ ಹಿಡಿದ.

"ತಡಿಯಪ್ಪ. ಜಾಗ ಇಲ್ಲ. ಒಂದು ಸಲಕ್ಕೆ ಹತ್ತು ಮನಿ ಹಿಡಿತೈತೆ ಅಷ್ಟೇ. ಇವತ್ತೇನೋ ನುಗ್ಗಿಕೊಂಡು ಕೂತಾರೆ. ನಾಳೆಯಿಂದ ಪಾಳಿ. ನೀರು ಬಿಟ್ಟಂಗೆ, ಈ ಓಣಿಗಿಷ್ಟೊತ್ತು, ಆ ಓಣಿಗಿಷ್ಟೊತ್ತು."

"ಮಾವಾ, ಮಗೂಗೆ ಹುಷಾರಿಲ್ಲ. ಅವಳೊಬ್ಬಳನ್ನ..."

"ಎಲ್ಲಾರ ಮಕ್ಕಳೂ ಹಂಗೇ ಅದಾವಪ್ಪ." ಚಿಕ್ಕಹನುಮಂತಪ್ಪ ಸಿಟ್ಟಿನಿಂದ ಹೇಳಲಿಲ್ಲ. ಕೆಮ್ಮು ಮುಗಿಸಿಕೊಂಡು ಒಂದು ನೋಟುಬುಕ್ಕು ಚಾಚಿದ. "ಪಾಳಿ ಬರಿಯಾದ್ರಾಗೆ ನಿನ್ನಷ್ಟು ಹುಷಾರಿ ಊರಾಗಿಲ್ಲ. ನೂರ ನಲವತ್ತು ಮನಿ. ನೀನೇ ಬರ್ದುಕೊಡು. ನಂದೊಂದು ಬರಿಬ್ಯಾಡ, ನಾನು ಹೆಂಗೂ ಖಾಯಂ ಆಗಿ ಇಲ್ಲಿಗೇ ಬರೋನು."

"ನಮ್ಮನೇದು ಎಲ್ಲಿ ಬರ್ಕಳ್ಳಿ?"

ಉತ್ತರ ಅಂಜಿನಮ್ಮನಿಂದ ಬಂತು. ಸಂಡಿಗೆ ತಿರುವಿಹಾಕುತ್ತಾ, ತಲೆಯೆತ್ತದೆ ಹೇಳಿದಳು.

"ಏಳು ತಿಂಗಳು ಉಸಿರಾಡೀರಿ. ಏಳು ತಿಂಗಳು ಬಿಟ್ಟು ಬರ್ರಿ. ಮಾಲಯ ಅಮಾಸೆಗೆ ನಿಮ್ಮ ಪಾಳಿ ಬರ್ಕೋ."

ಗೋರಿಗಳ ನಡುವೆ ಕೂತವರೆಲ್ಲ ಹೂಂ ಅಂದರು. ಪ್ರೇಮಮ್ಮನೂ ಅಂದಳು. ಮಹಾಲಯ ಅಮಾವಾಸ್ಯೆ ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಆದರೆ ಅಂಜಿನಮ್ಮ ಕುಹಕದಿಂದ ಹೇಳಿರಲಿಲ್ಲ, ಎಣಿಸಿ ಹೇಳಿದ್ದಳು. ಭೀಮೇಶನಿಗೆ ಅವಳ ಲೆಕ್ಕದಲ್ಲಿ ಬೆಳಿಗ್ಗೆಯೂ ತಪ್ಪು ಸಿಕ್ಕಿರಲಿಲ್ಲ, ಈಗಲೂ ಸಿಗಲಿಲ್ಲ.

ಗೇಟಿನ ಹೊರಗೆ ಟಿವಿಎಸ್ಸಿಗೆ ಸ್ಟ್ಯಾಂಡ್ ಹಾಕಿ, ಅದರ ಸೀಟಿನ ಮೇಲೆ ನೋಟುಬುಕ್ಕು ಇಟ್ಟ. ಜೇಬಿನಲ್ಲಿ ಸ್ವಾಮಿಯವರ ಪೆನ್ನು ಇನ್ನೂ ಇತ್ತು. ರಕ್ಷಾ ಬೇಲಿ ಹಿಡಿದು ನಿಂತಳು. ಇಲ್ಲಿ ಹೊಗೆಯ ವಾಸನೆ ಇರಲಿಲ್ಲ, ಹಳ್ಳದ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಮಗಳು ಬಾಯಿ ತೆರೆದು ಒಂದು ದೊಡ್ಡ ಉಸಿರು ಎಳೆದುಕೊಂಡದ್ದನ್ನು ಅವನು ನೋಡಿದ. ಪಟ್ಟಿ ಬರೆದು ಮುಗಿಯುವವರೆಗೆ ಇಲ್ಲಿಂದ ಹೋಗು ಅಂತ ಯಾರೂ ಹೇಳುವಂತಿಲ್ಲ.

ಎಡಗೈಯ ಕೆಲಸದಂತೆ ಹೀಟುಗಳ ಪಟ್ಟಿಯನ್ನು ಐದು ನಿಮಿಷಕ್ಕೆ ಬರೆದು ಬಿಸಾಕುವವನು ಮೊದಲ ಮನೆಯ ಹೆಸರು ಬರೆಯುವುದಕ್ಕೇ ಹತ್ತು ನಿಮಿಷ ತೆಗೆದುಕೊಂಡ. ಒಂದೊಂದು ಅಕ್ಷರ ದುಂಡಗೆ, ಒಂದೊಂದು ಗೆರೆ ನೇರ. ತಪ್ಪಾಯಿತು ಅಂತ ಒಂದು ಹಾಳೆ ಹರಿದು ಮತ್ತೆ ಶುರುಮಾಡಿದ.

"ಬೇಗ ಬರಿಯೋ," ಅಂತ ಒಳಗಿನಿಂದ ಅಂಜಿನಮ್ಮ ಕೂಗಿದಳು. "ಎಲ್ಲಿಗೆ ಬಂತು?"

"ಬರಿತಿದೀನಿ ಅತ್ತೆ," ಅಂದ ಭೀಮೇಶ. "ಇನ್ನೂ ಗೆರೆ ಹಾಕ್ತಿದೀನಿ."